ಎರಡು ಬಗೆಯ ಆಯ್ತು

ಫೋನಕ್ಕನ ಹತ್ತಿರ ಸುಳ್ಳು ಹೇಳಬೇಕೆಂದರೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಬರೆದೇ ಕೊಡಬೇಕು ಎಂದು ಅಕ್ಕಪಕ್ಕದ ಮನೆಯವರು ಆಡಿಕೊಳ್ಳುತ್ತಿದ್ದರು. ಹೊಟ್ಟೆಕಿಚ್ಚಿನ ಮಾತಲ್ಲ ಅದು. ನಮ್ಮ ಮಹಡಿಯಲ್ಲಿ ಇಂಥವಳೊಬ್ಬಳಿದ್ದಾಳೆ ಎನ್ನುವ ಹೆಮ್ಮೆ. ಎದುರು ಮನೆಯ ಟೀಚರಮ್ಮ "ನನಗೇನಾಗಿದೆ, ಚೆನ್ನಾಗೇ ಇದೀನಿ" ಅಂದರೆ ಸಾಕು, ಫೋನಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು "ಬೆಳಿಗ್ಗೆಯಿಂದ ಗಂಡ ಹೆಂಡ್ತಿ ಮಾತಾಡಿಲ್ಲ ಅಲ್ವಾ?" ಅನ್ನುತ್ತಿದ್ದಳು. ಟೀಚರಮ್ಮನಿಗೆ ಅಳುವೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಕೆಳಗಿನ ಮನೆಯ ದರ್ಜಿಯಂತೂ ಅವಳ ಬಟ್ಟೆ ಯಾವಾಗ ಸಿದ್ಧವಾಗುತ್ತದೆಂದು ಬಾಯಿಬಿಟ್ಟು ಹೇಳುತ್ತಲೇ ಇರಲಿಲ್ಲ. "ನಾಳೆ ಖಂಡಿತ" ಎಂದು ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿ, ಸದ್ದಿಲ್ಲದೆ ಮೆಟ್ಟಿಲಿಳಿದುಬಿಡುತ್ತಿದ್ದ.

ಆ ಕಿವಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಕೆಲಸದಿಂದ ಬಂದದ್ದು. ಲಿಫ್ಟು ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಫೋನು ನೋಡಿಕೊಳ್ಳುವ ಕೆಲಸ. ಕಿಟಕಿಯಿಲ್ಲದ ಕೋಣೆ, ಗೋಡೆಗೊರಗಿಸಿದ ಉಕ್ಕಿನ ಹಗ್ಗದ ಸುರುಳಿಗಳು, ಎಷ್ಟು ಒರೆಸಿದರೂ ಹೋಗದ ಗ್ರೀಸಿನ ವಾಸನೆ. ಮೂಲೆಯ ಮೇಜಿನ ಮೇಲೆ ಒಂದು ಕಪ್ಪು ಫೋನು. ಅದರ ಹಿಡಿಕೆ ಅವಳ ಕೈ ತಾಗಿ ತಾಗಿ ಬಣ್ಣ ಕಳೆದುಕೊಂಡಿತ್ತು. ಗಂಡ ತೀರಿಕೊಂಡ ಮೇಲೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಆ ಕುರ್ಚಿಯಲ್ಲಿ ಕೂತವಳು, ಮಗಳು ತನ್ನ ಎತ್ತರಕ್ಕೆ ಬೆಳೆದರೂ ಎದ್ದಿರಲಿಲ್ಲ.

ಲಿಫ್ಟಿನ ಕೆಲಸಕ್ಕೆ ಯಾವಾಗಲೂ ಇಬ್ಬರು ಹೋಗುತ್ತಾರೆ. ಒಬ್ಬ ಲಿಫ್ಟಿನ ಡಬ್ಬಿಯ ಕೆಳಗಿನ ಗುಂಡಿಗಿಳಿಯುತ್ತಾನೆ. ಇನ್ನೊಬ್ಬ ತಾರಸಿಯ ಮೇಲಿನ ಕೋಣೆಯಲ್ಲಿ ಮೇನ್ ಸ್ವಿಚ್ಚಿನ ಪಕ್ಕ ನಿಲ್ಲುತ್ತಾನೆ. ಇಬ್ಬರ ನಡುವೆ ಇಡೀ ಕಟ್ಟಡದ ಎತ್ತರ. ಕೂಗಿದರೆ ಕೇಳುವುದಿಲ್ಲ. ಕೆಳಗಿನವನು ಗುಂಡಿಯಲ್ಲಿರುವಾಗಲೇ ಮೇನ್ ಹಾಕಿದರೆ ಡಬ್ಬಿ ಅವನ ಮೇಲೇ ಇಳಿಯಬಹುದು. ಅವರವರೇ ಫೋನು ಮಾಡಿಕೊಂಡು ಒಮ್ಮೆ ಎಡವಟ್ಟಾದ ಮೇಲೆ ಯಜಮಾನರು ಕಟ್ಟುನಿಟ್ಟಾಗಿ ಹೇಳಿದ್ದರು: ಕೆಳಗಿನವನು ಹೊರಗೆ ಬಂದು ಫೋನಕ್ಕನಿಗೆ ಹೇಳಬೇಕು, ಫೋನಕ್ಕ ಮೇಲಿನವನಿಗೆ ಹೇಳಬೇಕು, ಆಮೇಲೇ ಕರೆಂಟು. ಮಾತು ಒಂದೇ ಬಾಯಿಂದ ಹೋಗಬೇಕು.

ಗುಂಡಿಗಿಳಿಯುವುದರಲ್ಲಿ ಎತ್ತಿದ ಕೈ ಅವಳ ತಮ್ಮ. ಕಂಪನಿಯವರು ಅವನಿಗೆ ಪಾತಾಳ ಎಂದು ಹೆಸರಿಟ್ಟಿದ್ದರು. ಅವನ ಜೋಡಿಯಾಗಿ ತಾರಸಿ ಹತ್ತುವ ಬಡಕಲು ಮನುಷ್ಯನಿಗೆ ಸ್ವರ್ಗ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತ್ತು.

"ಏನ್ ಸ್ವರ್ಗ, ದೇವರು ಹೇಗಿದಾರೆ?" ಅನ್ನುತ್ತಿದ್ದಳು ಫೋನಕ್ಕ.

"ಚೆನ್ನಾಗಿದಾರೆ ಅಕ್ಕ. ಗಾಳಿ ಜಾಸ್ತಿ, ಒಂದು ಸ್ವೆಟರ್ ಕಳಿಸು ಅಂತಿದಾರೆ."

ಈ ನಗುವಿನ ನಡುವೆಯೇ ಅವಳ ಕಿವಿ ಒಂದು ಮಾತಿಗಾಗಿ ಕಾಯುತ್ತಿತ್ತು. ಆಯ್ತು. ಈ ಮಾತನ್ನು ನಾವು ನೀವು ದಿನಕ್ಕೆ ಎಷ್ಟು ಸಲ ಆಡುತ್ತೇವೋ. ಕೆಲಸ ಮುಗಿದರೂ ಆಯ್ತು, ಮಾಡುತ್ತೇನೆ ಬಿಡಿ ಎನ್ನುವುದಕ್ಕೂ ಆಯ್ತು. ಬರೆದರೆ ಎರಡೂ ಒಂದೇ. ಕಿವಿಗೆ ಮಾತ್ರ ಬೇರೆ ಬೇರೆ. ಮುಗಿದ ಆಯ್ತು ಸ್ಪ್ಯಾನರು ಕೆಳಗಿಟ್ಟ ಹಾಗೆ ಬೀಳುತ್ತದೆ. ಇನ್ನೊಂದು ಕೊನೆಯಲ್ಲಿ ತುಸು ಎಳೆಯುತ್ತದೆ, ಒಂದು ಕಾಲು ಇನ್ನೂ ಒಳಗೇ ಇದೆ ಅನ್ನುವ ಹಾಗೆ. ಅನುಮಾನ ಬಂದರೆ ಫೋನಕ್ಕ ಬಿಡುತ್ತಿರಲಿಲ್ಲ.

"ಯಾವ ಆಯ್ತೋ ಅದು? ಮುಗಿದಿದ್ದಾ, ಹ್ಞೂಂ ಅಂದಿದ್ದಾ?"

"ಹ್ಞೂಂ ಅಂದಿದ್ದು ಅಕ್ಕ. ಇನ್ನೂ ಪಾತಾಳದಲ್ಲೇ ಇದೀನಿ, ತಾಳು."

ಅವಳು ತಾಳುತ್ತಿದ್ದಳು. ಮೇಲೆ ಸ್ವರ್ಗವೂ ತಾಳುತ್ತಿತ್ತು.

ಮಗಳು ಓದಿ ಒಂದು ದೊಡ್ಡ ಆಫೀಸಿಗೆ ಸೇರಿದಳು. ಅಲ್ಲಿ ಕುರ್ಚಿ ಬಿಟ್ಟೇಳದೆ ನೂರು ಜನ ಒಂದೇ ಪರದೆಯ ಮೇಲೆ ಮಾತಾಡಿಕೊಂಡು ಕೆಲಸ ಮಾಡುವುದನ್ನು ಕಂಡಳು. ಒಂದು ದಿನ ಊಟಕ್ಕೆ ಕೂತಾಗ ತಟ್ಟೆ ಮುಟ್ಟದೆ ಹೇಳಿದಳು: "ಮೇಜಿನ ಮುಂದೆ ಕೂತಿರೋರಿಗೆಲ್ಲ ಇದೆ ಅಮ್ಮ ಇದು. ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡೋರಿಗೆ ಏನಿದೆ? ಮಾವನಂಥವರಿಗೆ ಏನಿದೆ?"

ಮರು ತಿಂಗಳು ಕೆಲಸ ಬಿಟ್ಟಳು. ಮನೆಯ ಮುಂದಿನ ಕೋಣೆಯಲ್ಲಿ ಗೆಳತಿಯೊಬ್ಬಳ ಜೊತೆ ಕಂಪನಿ ಶುರುವಾಯಿತು. ಹೊಲಿಗೆ ಯಂತ್ರ ಬಾಲ್ಕನಿಗೆ ಹೋಯಿತು, ಸೋಫಾ ಮಾರಿಹೋಯಿತು, ಗೋಡೆಗೆ ಬಿಳಿ ಹಲಗೆ ಬಂತು. ಅವರು ಮಾಡಿದ ಮೊಬೈಲ್ ಆ್ಯಪಿಗೆ ಹೆಸರಿಟ್ಟವನು ಸೋದರಮಾವ ಪಾತಾಳವೇ. ಜನ ಕೂತು ಮಾತಾಡುವ ಜಾಗ ತಾನೇ, ಕಟ್ಟೆ ಅನ್ನಿ ಎಂದ. ಮಗಳು ನಡೆಯಲು ಕಲಿತದ್ದೂ, ಸೈಕಲ್ ಕಲಿತದ್ದೂ ಅವನ ಬೆರಳು ಹಿಡಿದೇ. ಈಗ ಕಟ್ಟೆಗೂ ಅವನೇ ಬೆರಳು ಕೊಟ್ಟ. ಮೆಕ್ಯಾನಿಕ್ಕುಗಳ ಮೊಬೈಲು ಕಸಿದುಕೊಂಡು ಅದನ್ನು ಹಾಕಿಸಿದ. "ನನ್ನ ಸೊಸೆ ಮಾಡಿದ್ದು ಕಣ್ರೋ, ಬೇಡ ಅಂದೋರನ್ನ ಗುಂಡಿಗಿಳಿಸಿ ಮುಚ್ಚಳ ಹಾಕ್ತೀನಿ" ಎಂದು ಹೆದರಿಸಿದ. ಯಜಮಾನರೂ ಹ್ಞೂಂ ಅಂದರು.

ಸುಳ್ಳೇಕೆ ಹೇಳಬೇಕು, ಕಟ್ಟೆಯಿಂದ ಒಳ್ಳೆಯದೇ ಆಯಿತು. ಒಬ್ಬ ಮುರಿದ ಹಲ್ಲಿನ ಚಕ್ರದ ಫೋಟೋ ಹಾಕಿದರೆ ಊರಿನ ಇನ್ನೊಂದು ತುದಿಯಿಂದ ಹಳೆಯ ಮೆಕ್ಯಾನಿಕ್ಕು ಅದಕ್ಕೆ ಉಪಾಯ ಬರೆಯುತ್ತಿದ್ದ. ಸುಮ್ಮನೆ ಹೋಗಿ ಬರುವ ಓಡಾಟ ತಪ್ಪಿತು. ಯಜಮಾನರ ಎದುರು ತಲೆಯೆತ್ತದ ಸ್ವರ್ಗ ಕಟ್ಟೆಯ ಮೇಲೆ ಜೋಕು ಬರೆಯತೊಡಗಿದ, ಯಜಮಾನರು ಅದಕ್ಕೆ ನಕ್ಕರು. ಫೋನಕ್ಕನ ಮೇಜಿಗೂ ಪರದೆ ಬಂತು. ಈಗ ಅವಳು ಕೇಳುವುದೂ ಬರೆದೇ, ಕೆಳಗಿನವನು ಹೇಳುವುದೂ ಬರೆದೇ. ಅವಳು ಒಂದು ಹಸಿರು ಗುಂಡಿ ಒತ್ತಿದರೆ ಮೇಲಿನವನ ಮೊಬೈಲಿನಲ್ಲಿ ಹಸಿರು ಹತ್ತುತ್ತಿತ್ತು. ಹಸಿರು ಹತ್ತಿದರೆ ಮೇನ್ ಹಾಕಬಹುದು.

ಕಪ್ಪು ಫೋನು ಮೆಲ್ಲಗೆ ಮೂಕವಾಯಿತು. ಅದನ್ನು ಮೊದಲು ಗಮನಿಸಿದ್ದು ಅವಳ ಕಿವಿ. ಕೋಣೆಯಲ್ಲಿ ಎಂದೂ ಕೇಳದಿದ್ದ ಸಣ್ಣ ಸದ್ದುಗಳು ಕೇಳತೊಡಗಿದವು. ಫ್ಯಾನಿನ ಕೀರಲು, ಗೋಡೆಯೊಳಗಿನ ನೀರು, ತನ್ನದೇ ಉಸಿರು. ಒಂದೊಂದು ಸಲ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು, ಲೈನು ಇದೆಯೋ ಇಲ್ಲವೋ ನೋಡಿ, ಇಟ್ಟುಬಿಡುತ್ತಿದ್ದಳು.

ಹೀಗಿರುವಾಗ ಮಗಳು ಬಂದು, "ಅಮ್ಮ, ನಿನ್ನ ದನಿ ಬೇಕು" ಅಂದಳು. ಯಾರಾದರೂ ಉತ್ತರ ಕೊಡಲು ತಡಮಾಡಿದರೆ ಕಟ್ಟೆ ಅವರನ್ನು ಎಚ್ಚರಿಸಬೇಕು. ಗಂಟೆ ಬಾರಿಸಿದರೆ ಯಾರೂ ಕೇಳುವುದಿಲ್ಲ, ಅಮ್ಮ ಕೇಳಿದ ಹಾಗೆ ಕೇಳಿದರೆ ಕೇಳುತ್ತಾರೆ. ಬಟ್ಟೆಗಳ ನಡುವೆ ರೆಕಾರ್ಡು ಮಾಡಿದರೆ ಸದ್ದು ಒಡೆಯುವುದಿಲ್ಲವೆಂದು ಬೀರುವಿನ ಬಾಗಿಲು ತೆರೆದು, ತೂಗುಹಾಕಿದ ಬಟ್ಟೆಗಳೊಳಕ್ಕೆ ಅಮ್ಮನ ತಲೆ ತೂರಿಸಿ, ಮಗಳೂ ಗೆಳತಿಯೂ ಹಿಂದೆ ನಿಂತು ನಕ್ಕರು. ಆ ಕತ್ತಲಲ್ಲಿ, ಎಂದೋ ಸತ್ತ ಗಂಡನ ಕೋಟಿಗೆ ಮುಖ ತಾಗಿಸಿಕೊಂಡು, ಫೋನಕ್ಕ ಕೇಳಿದಳು: "ಆಯ್ತಾ?"

ಆ ಒಂದು ಮಾತಿನಿಂದ ಕಟ್ಟೆಗೆ ರೆಕ್ಕೆ ಬಂತು. ಲಾಂಡ್ರಿಯವರು ತೆಗೆದುಕೊಂಡರು, ಕಟ್ಟಡ ತೊಳೆಯುವವರು, ಮನೆ ಸಾಮಾನು ಸಾಗಿಸುವವರು, ಆಸ್ಪತ್ರೆಯೊಂದರ ಉಗ್ರಾಣದವರು ತೆಗೆದುಕೊಂಡರು. ಮುಂದಿನ ಕೋಣೆಯಲ್ಲಿ ಕುರ್ಚಿಗಳು ಹೆಚ್ಚಾದವು, ಚಪ್ಪಲಿಗಳು ಹೊಸ್ತಿಲು ದಾಟಿ ಮೆಟ್ಟಿಲವರೆಗೆ ಬಂದವು. ಫೋನಕ್ಕ ಬಸ್ಸಿನಲ್ಲಿ ನಿಂತಿದ್ದಾಗ ಯಾರದೋ ಜೇಬಿನಿಂದ ಅವಳದೇ ದನಿ "ಆಯ್ತಾ?" ಎಂದು ಕೇಳಿತು. ಅವಳು ಬೆಚ್ಚಿ ತಿರುಗಿದಳು. ಜೇಬಿನವನು ಅವಳತ್ತ ನೋಡಲೂ ಇಲ್ಲ. ಔಷಧಿ ಅಂಗಡಿಯ ಒಳಗಿನಿಂದ, ರಸ್ತೆ ಅಗೆಯುವವರ ನಡುವಿನಿಂದ, ಗೊತ್ತಿಲ್ಲದ ಮನೆಗಳ ಕಿಟಕಿಯಿಂದ ಅದೇ ದನಿ. ತಾನು ಮನೆಯಲ್ಲಿ ಬಾಯಿ ಮುಚ್ಚಿ ಕೂತಾಗಲೂ ಎಲ್ಲೋ ಯಾರನ್ನೋ ತಾನು ಅವಸರ ಮಾಡುತ್ತಿದ್ದೇನೆ ಅನ್ನಿಸಿ ಅವಳ ಮೈ ಜುಮ್ಮೆನ್ನುತ್ತಿತ್ತು.

ಅವರಿದ್ದ ಕಟ್ಟಡದ ಜನರೂ ಕಟ್ಟೆ ಹಾಕಿಕೊಂಡಿದ್ದರು. ಒಂದು ಮಧ್ಯಾಹ್ನ ಟೀಚರಮ್ಮನ ಗಂಡ ಹೆಂಡತಿಗೆ ಬರೆದ: "ಮಗು ಕರ್ಕೊಂಡು ಬಂದಾಯ್ತಾ? ಇಲ್ಲಾಂದ್ರೆ ಈಗ್ಲೇ ಹೋಗು." ಅವಳು "ಆಯ್ತು" ಎಂದು ಬರೆದು, ಹೊರಡುವ ಮುಂಚೆ ಇನ್ನೇನೋ ಕೆಲಸಕ್ಕೆ ಸಿಕ್ಕಿ ಮರೆತಳು. ಮಗು ಬಂದಾಯಿತೆಂದು ಅವನು ನಿಶ್ಚಿಂತೆಯಿಂದಿದ್ದ. ಶಾಲೆಯ ಗೇಟು ಮುಚ್ಚಿ ಎಲ್ಲರೂ ಹೋದ ಮೇಲೂ ಆ ಮಗು ಗೋಡೆಗೆ ಬೆನ್ನು ಹಚ್ಚಿ ನಿಂತೇ ಇತ್ತು. ಸಿಕ್ಕಿತು, ಬಿಡಿ. ಸಂಜೆ ಮಹಡಿಯವರೆಲ್ಲ ಸೇರಿ ನಕ್ಕರು. ಫೋನಕ್ಕನಿಗೆ ಮಾತ್ರ ನಗು ಬರಲಿಲ್ಲ.

"ಆ ಮಾತಿಗೆ ಎರಡು ಮುಖ ಕಣೇ," ಎಂದಳು ಮಗಳಿಗೆ. "ನಿನ್ನ ಪರದೆಗೆ ಒಂದೇ ಕಾಣುತ್ತೆ."

"ನನಗೆ ಗೊತ್ತಿಲ್ವಾ ಅಮ್ಮ? ಅದಕ್ಕೇ ತಾನೇ ಹಸಿರು ಗುಂಡಿ ನಿನ್ನ ಕೈಲಿ ಕೊಟ್ಟಿರೋದು. ಅನುಮಾನ ಬಂದ್ರೆ ಫೋನ್ ಮಾಡ್ತೀಯ. ನೀನಿರೋವಾಗ ನನಗ್ಯಾಕೆ ಭಯ?"

ಆ ಮಾತು ತಾಯಿಯ ಹೊಟ್ಟೆಗೆ ತಂಪಾಯಿತು. ಅವಳು ಮುಂದೆ ಕೇಳಲಿಲ್ಲ.

ಕಟ್ಟೆಗೆ ಬಂಡವಾಳ ಹಾಕಲು ಬಂದವರು ಕೆಲಸ ನಡೆಯುವುದನ್ನು ಕಣ್ಣಾರೆ ನೋಡಬೇಕೆಂದರು. ಮಗಳು ಅವರನ್ನು ಲಿಫ್ಟು ಕಂಪನಿಗೇ ಕರೆತಂದಳು. ಯಜಮಾನರು ಉಕ್ಕಿನ ಹಗ್ಗಗಳಿಗೆ ಹೊಸ ಹೊದಿಕೆ ಹಾಕಿಸಿದ್ದರು. ಬಂದವರು ಫೋನಕ್ಕನ ಕುರ್ಚಿಯ ಹಿಂದೆ ಅರ್ಧಚಂದ್ರಾಕಾರವಾಗಿ ನಿಂತರು. ಅವರ ಬಟ್ಟೆಯ ಸುಗಂಧ ಗ್ರೀಸಿನ ವಾಸನೆಯನ್ನು ಮುಚ್ಚಿತು. "ಆ ದನಿ ಇವರದೇನಾ?" ಎಂದು ಒಬ್ಬ ಕೇಳಿದ, ಎಲ್ಲರೂ ಅವಳನ್ನು ಅಪರೂಪದ ವಸ್ತುವಿನ ಹಾಗೆ ನೋಡಿದರು.

ಆ ಹೊತ್ತಿಗೆ ಪಾತಾಳ ಬಟ್ಟೆ ಅಂಗಡಿಯೊಂದರ ಲಿಫ್ಟಿನ ಗುಂಡಿಯಲ್ಲಿದ್ದ. ಮೇಲೆ ಸ್ವರ್ಗ. ಪರದೆಯ ಮೇಲೆ ಅವರ ಕೆಲಸ ಹಳದಿ ಬಣ್ಣದಲ್ಲಿ ಮಿನುಗುತ್ತಿತ್ತು.

"ಇದೊಂದು ಮುಗಿಯೋದನ್ನ ನೋಡಿ ಹೊರಡೋಣ," ಎಂದ ಬಂದವರಲ್ಲಿ ಹಿರಿಯ. ಗಡಿಯಾರ ನೋಡಿಕೊಂಡ.

ಹಳದಿ ಹಳದಿಯಾಗಿಯೇ ಇತ್ತು. ಅಷ್ಟು ದೂರದ ಗುಂಡಿಯಲ್ಲಿ, ತಮ್ಮನ ಜೇಬಿನೊಳಗೆ, ಅವಳ ದನಿ ಅವಳನ್ನು ಕೇಳದೆಯೇ "ಆಯ್ತಾ?" ಅನ್ನುತ್ತಿರಬೇಕು. ಮತ್ತೆ "ಆಯ್ತಾ?" ಅನ್ನುತ್ತಿರಬೇಕು. ಮಗಳು ಅಮ್ಮನ ಭುಜದ ಮೇಲೆ ಕೈಯಿಟ್ಟಳು, ಅಷ್ಟೇ. ಆ ಕೈ ತಣ್ಣಗಿತ್ತು. ಫೋನಕ್ಕ ಬರೆದಳು: "ಕೆಲಸ ಆಯ್ತಾ? ಹೊರಗೆ ಬಾ, ಇಲ್ಲಿ ಕಾಯ್ತಿದಾರೆ."

ಉತ್ತರ ಬಂತು. "ಆಯ್ತು."

ಅವಳ ಎಡಗೈ ಕಪ್ಪು ಫೋನಿನ ಕಡೆ ಸರಿಯಿತು. ಎತ್ತಿದರೆ ಸಾಕಿತ್ತು, ಯಾವ ಆಯ್ತೋ ಅದು ಎಂದು ಕೇಳಿದರೆ ಸಾಕಿತ್ತು. ಆದರೆ ಅಷ್ಟು ಜನರ ಎದುರು ಫೋನೆತ್ತಿದರೆ ಮಗಳ ಕಟ್ಟೆ ಇದ್ದೂ ಏನು ಬಂತು ಎಂದಾರಲ್ಲ. ಅಕ್ಷರಕ್ಕೆ ದನಿಯಿಲ್ಲ. ಓದುವವರು ತಾವೇ ಅದಕ್ಕೆ ಒಂದು ದನಿ ಕೊಡುತ್ತಾರೆ. ಫೋನಕ್ಕ ಆ ಆಯ್ತುವಿಗೆ ತನಗೆ ಬೇಕಾದ ದನಿ ಕೊಟ್ಟಳು. ಸ್ಪ್ಯಾನರು ಕೆಳಗಿಟ್ಟ ಹಾಗೆ ಅದು ಅವಳ ತಲೆಯೊಳಗೆ ಬಿತ್ತು. ಹಸಿರು ಒತ್ತಿದಳು.

ಬಂದವರು ತಲೆದೂಗಿದರು. ಹಿರಿಯ ಮೆಲ್ಲಗೆ ಎರಡು ಚಪ್ಪಾಳೆ ತಟ್ಟಿದ. ಯಜಮಾನರು ಎಲ್ಲರನ್ನೂ ಚಹಾಕ್ಕೆ ಕರೆಯುತ್ತಿದ್ದಾಗ ಕಪ್ಪು ಫೋನು ರಿಂಗಾಯಿತು. ಅದು ರಿಂಗಾಗಿ ಎಷ್ಟು ಕಾಲವಾಗಿತ್ತೋ, ಎಲ್ಲರೂ ತಿರುಗಿ ನೋಡಿದರು.

"ಅಕ್ಕ," ಎಂದ ಸ್ವರ್ಗ.

ಅಷ್ಟೇ ಅಂದದ್ದು. ಅಷ್ಟರಲ್ಲೇ ಅವಳಿಗೆ ಎಲ್ಲ ಕೇಳಿಸಿತು.

ತಮ್ಮನ ಮಣ್ಣು ಮುಗಿದ ಮೇಲೆ ಕಟ್ಟೆಯ ಮೇಲೆ ಒಬ್ಬೊಬ್ಬರಾಗಿ ದುಃಖ ಬರೆದರು. ಆಮೇಲೆ ಅದರ ಮೇಲೆ ಹೊಸ ಮಾತುಗಳು ಬಂದು ಅದು ಕೆಳಗೆ ಸರಿಯಿತು. ಕೆಳಗೆ, ಇನ್ನೂ ಕೆಳಗೆ. ಫೋನಕ್ಕ ಬೆರಳಿನಿಂದ ಮೇಲಕ್ಕೆಳೆದು ಎಳೆದು ಅದನ್ನು ಹುಡುಕಿ ಓದುತ್ತಿದ್ದಳು. ತನ್ನ ಪ್ರಶ್ನೆ. ಅವನ ಆಯ್ತು. ತನ್ನ ಹಸಿರು. ಎಷ್ಟು ಸಲ ಓದಿದರೂ ಈಗ ಆ ಮಾತು ಕೊನೆಯಲ್ಲಿ ಎಳೆಯುತ್ತಿತ್ತು.

"ನನ್ನ ದನಿ ತೆಗೆದುಬಿಡು ಅದರಿಂದ," ಎಂದಳು ಮಗಳಿಗೆ.

"ಆಯ್ತು ಅಮ್ಮ," ಎಂದಳು ಮಗಳು. ಅದು ಯಾವ ಬಗೆಯ ಆಯ್ತು ಎಂದು ಫೋನಕ್ಕನಿಗೆ ಕೇಳಿಸಿತು. ಮತ್ತೆ ಕೇಳಲಿಲ್ಲ.

ಸಾವಿನ ವಿಚಾರಣೆಗೆ ದಿನ ನಿಗದಿಯಾಯಿತು. ಯಜಮಾನರ ಮಾತು ಸ್ಪಷ್ಟವಾಗಿತ್ತು: ಕೆಲಸ ಮುಗಿಯದೆ, ಹೊರಗೆ ಬಾರದೆ, ಮುಗಿಯಿತೆಂದು ತಿಳಿಸಿದ್ದು ಕೆಲಸಗಾರನದೇ ತಪ್ಪು. ಪರದೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇದೆಯಲ್ಲ. ಬಂಡವಾಳದವರು ಹಿಂದೆ ಸರಿಯಲಿಲ್ಲ. ವಿಚಾರಣೆ ಮುಗಿಯಲಿ, ನೋಡೋಣ ಎಂದಿದ್ದರು.

ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಬಂದಳು. ಮುಂದಿನ ಕೋಣೆಯ ತುಂಬ ಪರದೆಗಳ ಮುಂದೆ ಜನ. ಅವರ ಕುರ್ಚಿಗಳ ನಡುವೆ ಮೈ ಮುದುಡಿಕೊಂಡು ನುಸುಳಿ ಅಡುಗೆಮನೆಗೆ ಬಂದು, ಕೂರು ಅಂದರೂ ಕೂರದೆ, ಕೇಳಿದಳು: "ಅತ್ತಿಗೆ, ಮನೆಯಲ್ಲಿ ಒಂದು ಬಲ್ಬು ಬದಲಾಯಿಸಬೇಕಾದ್ರೂ ಮೂರು ಸಲ ಸ್ವಿಚ್ಚು ನೋಡ್ತಿದ್ರು ಅವರು. ಅವರು ಹೊರಗೆ ಬರದೇ ಮುಗೀತು ಅಂದ್ರಾ? ನೀವು ಹೇಳಿ, ನಂಬ್ತೀನಿ. ನಿಮಗೆ ಅವರ ದನಿ ಗೊತ್ತಲ್ಲ. ಮಗ ಕೇಳ್ತಾನೆ, ಅಪ್ಪನದೇ ತಪ್ಪಂತಲ್ಲಮ್ಮ ಅಂತ."

ಫೋನಕ್ಕ ಒಲೆಯ ಮೇಲಿದ್ದ ಹಾಲನ್ನು ನೋಡುತ್ತ ನಿಂತಳು. ಹಾಲು ಉಕ್ಕಿ ಹರಿಯಿತು. ಇಬ್ಬರೂ ಒಲೆ ಆರಿಸಲಿಲ್ಲ.

ವಿಚಾರಣೆಯ ದಿನ ಮಗಳು ಒಂದು ಹಾಳೆ ತಂದು ಊಟದ ಮೇಜಿನ ಮೇಲಿಟ್ಟಳು. ಕಣ್ಣು ಕೆಂಪಾಗಿದ್ದವು. ಅವಳಿಗೂ ಮಾವ ಬೇಕಾಗಿದ್ದವನೇ. "ನೀನು ಹೋಗೋದು ಬೇಡ ಅಮ್ಮ. ಬರೆದು ಕೊಟ್ರೆ ಸಾಕಂತೆ. ಒಂದಕ್ಷರ ಸುಳ್ಳಿಲ್ಲ, ಓದಿ ನೋಡು."

ಓದಿದಳು. ನಿಜವೇ, ಒಂದಕ್ಷರ ಸುಳ್ಳಿರಲಿಲ್ಲ. ಕೆಲಸ ಆಯಿತೇ ಎಂದು ಕೇಳಲಾಯಿತು. ಆಯ್ತು ಎಂದು ಉತ್ತರ ಬಂದಿತು. ಅದರಂತೆ ಸೂಚನೆ ನೀಡಲಾಯಿತು.

"ಯಾವ ಆಯ್ತು ಅಂತ ಬರೆದಿಲ್ಲ."

"ಅದನ್ನ ಹೇಗಮ್ಮ ಬರೆಯೋದು?"

"ಬರೆಯೋಕಾಗಲ್ಲ. ಅದಕ್ಕೇ ಬಾಯಲ್ಲಿ ಹೇಳಿ ಬರ್ತೀನಿ. ಹೊರಗೆ ಬಾ ಅಂತಾನೂ ನಾನೇ ಬರೆದಿದ್ದೆ, ಅವನು ಅದಕ್ಕೆ ಹ್ಞೂಂ ಅಂದ. ನಾನು ಕೇಳಲಿಲ್ಲ. ಓದಿದೆ."

ಮಗಳು ಕುರ್ಚಿಯ ಬೆನ್ನು ಹಿಡಿದು ನಿಂತಳು. ಮುಂದಿನ ಕೋಣೆಯಲ್ಲಿ ಕೀಲಿಮಣೆಗಳ ಸದ್ದು ನಿಂತಿತು. ಬಾಗಿಲಾಚೆ ಎಲ್ಲರೂ ಉಸಿರು ಬಿಗಿಹಿಡಿದಿರುವುದು ಫೋನಕ್ಕನಿಗೆ ಕೇಳಿಸಿತು.

"ಹಾಗೆ ಹೇಳಿದ್ರೆ ಕಟ್ಟೆ ಇರಲ್ಲಮ್ಮ. ಅದು ಹೋಗ್ಲಿ. ಒತ್ತಿದ್ದು ನೀನು ಅಂತ ನಿನ್ನನ್ನೇ ಹಿಡೀತಾರೆ."

"ಒತ್ತಿದ್ದು ನಾನೇ ತಾನೇ."

"ಮಾವ ಹೇಗೂ ವಾಪಸ್ ಬರಲ್ಲ. ಇಷ್ಟೆಲ್ಲ ಮಾಡಿ ನೀನು ಹೋದ್ರೆ, ಆಮೇಲೆ ನಾನು ನಿನ್ನ ಮುಖ…" ಮಗಳು ಅಲ್ಲಿಗೆ ನಿಲ್ಲಿಸಿದಳು.

ಉಳಿದದ್ದನ್ನು ಹೇಳುವ ಅಗತ್ಯವಿರಲಿಲ್ಲ. ಎಷ್ಟೋ ವರ್ಷ ಬಾಯಿಂದ ಹೊರಬೀಳದ ಮಾತನ್ನೇ ಕೇಳಿ ಬದುಕಿದವಳಿಗೆ ಅದೂ ಕೇಳಿಸಿತು. ಅದರೊಳಗಿನ ಸಿಟ್ಟು ಕೇಳಿಸಿತು, ಸಿಟ್ಟಿನ ಅಡಿಯಲ್ಲಿದ್ದ ಹೆದರಿಕೆಯೂ ಕೇಳಿಸಿತು. ಮಗಳ ತಲೆ ಸವರಿದಳು. ಹಾಳೆಯನ್ನು ಮಡಿಸದೆ, ಹರಿಯದೆ, ಇದ್ದ ಹಾಗೇ ಮೇಜಿನ ಮೇಲೆ ಬಿಟ್ಟಳು. ಒಳಗೆ ಹೋಗಿ ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ, ಕನ್ನಡಕ, ಮಾತ್ರೆಗಳನ್ನು ಹಾಕಿಕೊಂಡು ಬಂದಳು. ವಿಚಾರಣೆಗೆ ಹೋಗಿ ಬರುವವರು ಬಟ್ಟೆ ಕಟ್ಟಿಕೊಳ್ಳುವುದಿಲ್ಲ. ಮಗಳು ಚೀಲವನ್ನು ನೋಡಿದಳು, ನೋಡಿ ಗೋಡೆಯ ಕಡೆ ತಿರುಗಿದಳು.

ಕುರ್ಚಿಗಳ ನಡುವೆ ಫೋನಕ್ಕ ನಡೆದು ಹೋದಳು. ಯಾರೂ ತಲೆಯೆತ್ತಲಿಲ್ಲ. ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನು ಹುಡುಕಿ ಮೆಟ್ಟಿಕೊಂಡಳು. ಮನೆಯ ಕೀಲಿಯನ್ನು ಚಪ್ಪಲಿ ಗೂಡಿನ ಮೇಲಿಟ್ಟಳು. ಬಾಗಿಲು ಎಳೆದುಕೊಳ್ಳುತ್ತಿರುವಾಗ ಒಳಗೆ ಯಾರದೋ ಮೇಜಿನ ಮೇಲಿನಿಂದ ಅವಳದೇ ದನಿ ಕೇಳಿತು: "ಆಯ್ತಾ?"

ಬಾಗಿಲು ಮುಚ್ಚಿಕೊಂಡಿತು.

ಲಿಫ್ಟು ಅದೇ ಮಹಡಿಯಲ್ಲಿ ಬಾಯಿ ತೆರೆದು ನಿಂತಿತ್ತು. ಅವಳು ಅದನ್ನು ಬಿಟ್ಟು ಮೆಟ್ಟಿಲ ಕಡೆ ಹೋದಳು. ಎದುರು ಮನೆಯ ಟೀಚರಮ್ಮ ಹೊಸ್ತಿಲಲ್ಲಿ ಮಗುವಿನ ಕೂದಲು ಬಾಚುತ್ತಿದ್ದಳು.

"ಹೊರಟ್ರಾ ಫೋನಕ್ಕ? ಹುಷಾರು. ಕತ್ತಲಾಗೋಕೆ ಮುಂಚೆ ಬಂದ್ಬಿಡಿ."

"ಆಯ್ತು," ಎಂದಳು ಫೋನಕ್ಕ.

ಅದು ಯಾವ ಬಗೆಯ ಆಯ್ತು ಎಂದು ಟೀಚರಮ್ಮನಿಗೆ ಗೊತ್ತಾಗಲಿಲ್ಲ. ಬಾಚಣಿಗೆ ಕೈಯಲ್ಲೇ ಹಿಡಿದು, ಆ ಹೆಜ್ಜೆಗಳು ಮಹಡಿ ಮಹಡಿ ಇಳಿದು ಕೆಳಗೆ ತಲುಪುವವರೆಗೂ ಅವಳು ಕಿವಿಗೊಟ್ಟು ಕೇಳುತ್ತಾ ನಿಂತಳು.